ಅಕ್ಕನ ಕೈ

1876ರಲ್ಲಿ ಮಳೆ ಬಾರಲಿಲ್ಲ. ಧಾತು ಸಂವತ್ಸರದ ಆ ಕ್ಷಾಮದಲ್ಲಿ ಬಳ್ಳಾರಿ ಸೀಮೆಯ ಎಷ್ಟೋ ಮಕ್ಕಳು ತಬ್ಬಲಿಗಳಾದರು. ತಮ್ಮನ ಕೈ ಹಿಡಿದು ಕುರುಗೋಡಿನಿಂದ ಬಳ್ಳಾರಿಯತ್ತ ನಡೆದ ಅಕ್ಕನೊಬ್ಬಳನ್ನು ಮನಸ್ಸಿಗೆ ತಂದುಕೊಳ್ಳಿ.

1877ರ ಆರಂಭದಲ್ಲಿ ಪರಿಹಾರ ಕಾಮಗಾರಿಯಲ್ಲಿ ದುಡಿವ ಗಂಡಾಳಿಗೇ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಅಲ್ಪ ಕಾಸು. ಮಕ್ಕಳಿಗೆ ಇನ್ನೂ ಕಡಿಮೆ. ಕಲ್ಲು ಹೊತ್ತು ಅವಳು ಪಡೆದುದು ಅವಳೊಬ್ಬಳಿಗೇ ಸಾಲದು. ತಮ್ಮನನ್ನು ಹೊಳೆದಂಡೆಯ ಸಿರುಗುಪ್ಪದಲ್ಲಿ ಉಳ್ಳವರ ಮನೆಯ ದುಡಿಮೆಗೆ ಬಿಟ್ಟರೆ ಅವನ ಹೊಟ್ಟೆ ತುಂಬೀತು. ಅವನು ಮತ್ತೆ ಸಿಕ್ಕಾನೆಂಬ ಭರವಸೆಯಿಲ್ಲ. ಜೊತೆಗಿಟ್ಟುಕೊಂಡರೆ ಇಬ್ಬರಿಗೂ ಹಸಿವು. ಬಿಡುವುದು ಪ್ರೀತಿಯೋ, ಹಿಡಿದಿರುವುದು ಪ್ರೀತಿಯೋ?

ಇಂದು ತುಂಗಭದ್ರೆಯ ಕಾಲುವೆಗಳ ನೀರಿನಿಂದ ಆ ಸೀಮೆಯಲ್ಲಿ ಭತ್ತ ಬೆಳೆಯುತ್ತದೆ. ಅಂಥ ಪ್ರಶ್ನೆ ಯಾವ ಮಗುವಿನ ಪಾಲಿಗೂ ಬಾರದಂತೆ ಕಾಯಬೇಕಾದವರು ಮನುಷ್ಯರೇ.