ಅವಳಿಗೆ ಏನು ಬೇಕಿತ್ತು?

ನನ್ನ ಕಥೆಯಲ್ಲಿ ಗಂಡ ಆರು ತಿಂಗಳ ಮೇಲೆ ಬೆಂಗಳೂರಿನಿಂದ ಊರಿಗೆ ಬರುತ್ತಾನೆ. ಆ ರಾತ್ರಿಯನ್ನು ಬರೆಯಬೇಕಿತ್ತು. ಮಲ್ಲಿಗೆ, ಬೆಳದಿಂಗಳು, ಬಿಸಿಯುಸಿರು ಎಲ್ಲ ತುಂಬಿ ಎರಡು ಪುಟ ಬರೆದೆ. ಅತ್ತಿಗೆಗೆ ಓದಲು ಕೊಟ್ಟೆ. ನಗುತ್ತಾ ಮೊಬೈಲ್ ವಾಪಸ್ ಕೊಟ್ಟರು.

"ಅವನಿಗೆ ಏನು ಬೇಕು ಅಂತ ಎಲ್ಲಾ ಬರೆದಿದೀಯ ಕಣೆ. ಅವಳಿಗೆ ಏನು ಬೇಕಿತ್ತು?"

ಉತ್ತರ ಹೊಳೆಯಲಿಲ್ಲ. ನಾನೇ ಹೆಣ್ಣಾಗಿದ್ದೂ ಅವಳನ್ನು ಗೊಂಬೆ ಮಾಡಿ ಮಲಗಿಸಿದ್ದೆ.

ಆಗ ಜನ್ನ ನೆನಪಾದ. 1209ರಲ್ಲಿ ಅವನು ಬರೆದ 'ಯಶೋಧರ ಚರಿತೆ'ಯಲ್ಲಿ ರಾಣಿ ಅಮೃತಮತಿ ರಾತ್ರಿ ಹೊತ್ತು ಮಾವುತನ ಹಾಡು ಕೇಳುತ್ತಾಳೆ. ಇನ್ನೂ ಮುಖ ಕಂಡಿಲ್ಲ, ಮನಸ್ಸು ಆಗಲೇ ಹೋಗಿದೆ. ನೋಡಿ ಬಂದ ಕೆಳದಿ ಅವನೆಷ್ಟು ಕುರೂಪಿ ಅಂತ ಹೇಳಿದರೂ ರಾಣಿಗೆ ಅದು ಲೆಕ್ಕಕ್ಕಿಲ್ಲ. ಅದು ಜೈನ ಧರ್ಮದ ಕಥೆ, ಅವಳದು ತಪ್ಪು ಅಂತಲೇ ಹೇಳುತ್ತದೆ. ಆದರೂ ಅವಳ ಆಸೆ ನಮಗೆ ಅರ್ಥವಾಗುತ್ತದೆ. ಅದು ಎಲ್ಲಿಂದ ಶುರುವಾಯಿತು ಅಂತ ಜನ್ನ ತೋರಿಸಿದ್ದಾನೆ.

ಮತ್ತೆ ಬರೆದೆ. ಈ ಸಲ ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಳೆ. ಬಸ್ಸು ನಿಂತ ಸದ್ದು. ಆಮೇಲೆ ಚಪ್ಪಲಿ ಸದ್ದು. ಆ ನಡಿಗೆ ಅವಳಿಗೆ ಗೊತ್ತು. ಕರೆಯುವ ಕೈ ನಿಲ್ಲುತ್ತದೆ. ರಾತ್ರಿ ಲೈಟ್ ಆರಿಸಲು ಹೋದವನಿಗೆ "ಇರಲಿ ಬಿಡಿ, ಮುಖ ನೋಡಬೇಕು" ಅನ್ನುತ್ತಾಳೆ.

ಎರಡು ಪುಟ ಅರ್ಧ ಪುಟವಾಯಿತು. ಅತ್ತಿಗೆ ಈ ಸಲ ನಗಲಿಲ್ಲ. ಓದಿ ಮುಗಿಸಿ, ಮೊಬೈಲ್ ಕೈಯಲ್ಲೇ ಹಿಡಿದು ಸುಮ್ಮನೆ ಕೂತರು. ನಮ್ಮಣ್ಣನೂ ಬೆಂಗಳೂರಿನಲ್ಲೇ ಕೆಲಸಕ್ಕಿದ್ದಾನೆ.