ಹಿಂದಿನ ಸಾಲಿನ ಮೇಷ್ಟ್ರು

ಮದುವೆಮನೆಯಲ್ಲಿ ಅಡುಗೆ ಭಟ್ಟರ ಹೆಸರು ಕೇಳುವವರಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಮಾತ್ರ ಎಲ್ಲರಿಗೂ ಅವರ ನೆನಪು. ಜಾಝ್ ಮೇಳದಲ್ಲಿ ಡಬಲ್ ಬೇಸ್ ನುಡಿಸುವವನ ಪಾಡೂ ಇದೇ. ಟ್ರಂಪೆಟ್ಟಿನವನು ಮುಂದೆ ಬಂದು ಕೆನ್ನೆಯುಬ್ಬಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ. ಹಿಂದೆ ಆಳೆತ್ತರದ ವಾದ್ಯವನ್ನು ತಬ್ಬಿ ನಿಂತವನು ಲಯವನ್ನೂ ಸ್ವರದ ನೆಲೆಯನ್ನೂ ಕಾಯುತ್ತಿರುತ್ತಾನೆ. ಅವನು ಕೈ ತಡೆದ ಗಳಿಗೆಯಲ್ಲೇ ಮೇಳಕ್ಕೆ ಮೇಳವೇ ತಡವರಿಸುತ್ತದೆ.

ಬೇಸ್‌ವಾದಕರ ಪೈಕಿ ನನಗೆ ಅಚ್ಚುಮೆಚ್ಚು ಮಿಲ್ಟ್ ಹಿಂಟನ್. ಹುಟ್ಟಿದ್ದು 1910ರಲ್ಲಿ, ಮಿಸಿಸಿಪಿಯ ವಿಕ್ಸ್‌ಬರ್ಗ್‌ನಲ್ಲಿ, ಬೆಳೆದದ್ದು ಷಿಕಾಗೋದಲ್ಲಿ. ಮೊದಲು ಕಲಿತದ್ದು ಪಿಟೀಲು. ಆದರೆ ಬಿಳಿಯರ ಆರ್ಕೆಸ್ಟ್ರಾಗಳು ಕರಿಯ ಹುಡುಗನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಮೂಕಿಚಿತ್ರ ಓಡುವಾಗ ಥಿಯೇಟರಿನಲ್ಲಿ ಕೂತು ನುಡಿಸುವ ಕೆಲಸವಾದರೂ ಇತ್ತು. ಸಿನಿಮಾ ಮಾತಾಡಲು ಕಲಿತದ್ದೇ ತಡ, ಪಿಟೀಲಿನವರು ಮನೆಗೆ ಹೋದರು. ಹುಡುಗ ಬೇಸ್ ಹಿಡಿದ.

1936ರಲ್ಲಿ ಗಾಯಕ ಕ್ಯಾಬ್ ಕ್ಯಾಲೊವೇಯ ಮೇಳ ಸೇರಿದವನು 1951ರವರೆಗೂ ಅವನೊಂದಿಗೆ ಊರೂರು ಅಲೆದ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಹೋಟೆಲುಗಳು ಕರಿಯರಿಗೆ ಕೋಣೆ ಕೊಡುತ್ತಿರಲಿಲ್ಲ. ರಾತ್ರಿ ಸಭೆಯನ್ನು ಕುಣಿಸಿದವರು ಮಲಗುತ್ತಿದ್ದದ್ದು ಮೇಳದ ರೈಲುಬೋಗಿಯಲ್ಲಿ. ಹಿಂಟನ್ ಬಳಿ ಕ್ಯಾಮೆರಾ ಇತ್ತು. ಬೋಗಿಯಲ್ಲಿ ಮೈಮರೆತು ನಿದ್ದೆಹೋದ ಸಂಗಡಿಗರು, ಕರಿಯರಿಗೆ ಬೇರೆ ದಾರಿ ಎಂದು ಸಾರುವ ಫಲಕದಡಿ ನಿಂತವರು, ಎಲ್ಲವನ್ನೂ ಹಿಡಿದಿಟ್ಟ. ಹಿಂದೆ ನಿಂತವನಿಗೆ ಎಲ್ಲರೂ ಕಾಣುತ್ತಾರೆ, ನೋಡಿ.

ಅವನ ಬದುಕಿನಲ್ಲಿ ನನಗೆ ಬಲು ಇಷ್ಟವಾದದ್ದು ಕಾಟನ್ ಕ್ಲಬ್ಬಿನ ತಾರಸಿಯ ಪ್ರಸಂಗ. 1939ರಲ್ಲಿ ಡಿಜ್ಜಿ ಗಿಲೆಸ್ಪಿ ಎಂಬ ತುಂಟ ಟ್ರಂಪೆಟ್‌ವಾದಕ ಮೇಳಕ್ಕೆ ಬಂದ. ಹಿಂಟನ್‌ಗಿಂತ ಏಳು ವರ್ಷ ಕಿರಿಯ. ನ್ಯೂಯಾರ್ಕಿನ ಆ ಕ್ಲಬ್ಬಿನಲ್ಲಿ ಪ್ರದರ್ಶನಗಳ ನಡುವೆ ಬಿಡುವಾದಾಗ ಇಬ್ಬರೂ ತಾರಸಿ ಹತ್ತುತ್ತಿದ್ದರು, ಆ ಭಾರದ ಬೇಸನ್ನೂ ಹೊತ್ತುಕೊಂಡು. ಹಳೆಯ ಹಾಡಿಗೆ ಹೊಸ ಕಾರ್ಡುಗಳನ್ನು, ಅಂದರೆ ಸ್ವರಗುಚ್ಛಗಳನ್ನು, ಹೂಡುವ ಬಗೆಯನ್ನು ಕಿರಿಯ ಹೇಳಿಕೊಡುತ್ತಿದ್ದ, ಹಿರಿಯ ಕಲಿಯುತ್ತಿದ್ದ. ಮುಂದೆ ಅದೇ ದಾರಿ ಬೀಬಾಪ್ ಎಂಬ ಜಾಝ್ ಶೈಲಿಯಾಗಿ ಹೆಸರಾಯಿತು. ಹಿಂಟನ್ ಮೇಷ್ಟ್ರಾಗಲು ಯೋಗ್ಯನಾದದ್ದು ಆ ತಾರಸಿಯ ಮೇಲೆಯೇ ಎಂದು ನನ್ನ ನಂಬಿಕೆ. ಚಿಕ್ಕವರಿಂದ ಕಲಿಯಲು ನಾಚದವನು ತಾನೆ ಚಿಕ್ಕವರಿಗೆ ಕಲಿಸಬಲ್ಲ?

ಮೇಳ ಬಿಟ್ಟ ಮೇಲೆ ಸ್ಟುಡಿಯೋಗಳಲ್ಲಿ ಯಾರು ಕರೆದರೂ ಹೋಗಿ ನುಡಿಸಿದ. 1970ರ ದಶಕದಲ್ಲಿ ನ್ಯೂಯಾರ್ಕಿನ ಹಂಟರ್ ಮತ್ತು ಬರೂಕ್ ಕಾಲೇಜುಗಳಲ್ಲಿ ಪಾಠ ಶುರುವಾಯಿತು. ತಿರುಗಾಟ ಮಾತ್ರ ನಿಲ್ಲಲಿಲ್ಲ. ಸಂಗೀತಗಾರರ ಬಾಯಲ್ಲಿ ಅವನು ‘ಜಡ್ಜ್’. ಎಪ್ಪತ್ತು ತುಂಬಿದಾಗ ಗೆಳೆಯರು ಎಳೆಯ ಬೇಸ್‌ವಾದಕರಿಗಾಗಿ ಅವನ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಟ್ಟರು. 2000ದಲ್ಲಿ, ತೊಂಬತ್ತು ತುಂಬಿದ ಮೇಲೆ ತೀರಿಕೊಂಡ.

ಬೇಸ್‌ನವನು ಒಳ್ಳೆಯ ಮೇಷ್ಟ್ರಾಗುವುದು ಆಶ್ಚರ್ಯವೇನಲ್ಲ. ಇನ್ನೊಬ್ಬ ಎಲ್ಲಿ ಎಡವಬಹುದೆಂದು ಕಿವಿಗೊಟ್ಟು ಕಾಯುವುದು, ಅವನು ಮೆರೆಯುವಾಗ ತಾನು ಹಿಂದೆ ನಿಲ್ಲುವುದು: ಎರಡೂ ಕಸುಬಿಗೆ ಬೇಕಾದ ಗುಣ ಇವೇ.

ಹಿಂಟನ್ ಕೈಚಳಕ ಕೇಳಬೇಕೆಂದಿದ್ದರೆ, ಕ್ಯಾಲೊವೇ ಮೇಳ 1939ರಲ್ಲಿ ಧ್ವನಿಮುದ್ರಿಸಿದ ‘ಪ್ಲಕಿನ್ ದ ಬೇಸ್’ ಹುಡುಕಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಬೇಡ. ಬೇಸ್‌ನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಕಂಪಿಸುವುದು ಸುಮಾರು 41 ಸಲ. ಅಷ್ಟು ತಗ್ಗಿನ ಕಂಪನ ಆ ಸ್ಪೀಕರಿನಿಂದ ಹೊರಡುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ.