ಬಾಡಗಂಡಿಯಲ್ಲಿ ಬಾಡೂಟ ಸಿಗುತ್ತದೆಯೇ?

ಪ್ರಶ್ನೆ ನನ್ನದಲ್ಲ ಸ್ವಾಮಿ, ಮಂಡ್ಯದ ಕಡೆಯ ನನ್ನ ಗೆಳೆಯನದು. ಬೀಳಗಿಯಲ್ಲಿ ಒಂದು ಮದುವೆ ಇತ್ತು. ಬಿಜಾಪುರದಿಂದ (ಈಗ ವಿಜಯಪುರ ಅನ್ನಬೇಕು, ಆದರೆ ನಾಲಿಗೆ ಕೇಳಬೇಕಲ್ಲ!) ಬಸ್ಸಿನಲ್ಲಿ ಬರುತ್ತಿದ್ದೆವು. ಕೊಲ್ಹಾರದಲ್ಲಿ ಗಡಿಗೆ ಮೊಸರು ತಿಂದು, ಕೃಷ್ಣೆಯ ಮೇಲಿನ ಆ ಮುಗಿಯದ ಸೇತುವೆ ದಾಟುವಷ್ಟರಲ್ಲಿ ಅವನಿಗೆ ಜೊಂಪು ಹತ್ತಿತ್ತು. ಕಂಡಕ್ಟರು "ಯಾರ್ರೀ ಬಾಡಗಂಡಿ, ಇಳೀರಿ ಇಳೀರಿ" ಅಂದದ್ದೇ ತಡ, ಪುಣ್ಯಾತ್ಮ ಧಡಕ್ಕನೆ ಎದ್ದು ಕೂತ.

"ಏನ್ಲಾ, ಊರ ಹೆಸರಲ್ಲೇ ಬಾಡು ಅದೆ! ಇಳಿಯವಾ?"

ಬಾಡ ಅಂದರೆ ಹಳೆಗನ್ನಡದಲ್ಲಿ ಹಳ್ಳಿ ಕಣಯ್ಯಾ, ಮಾಂಸ ಅಲ್ಲ ಅಂತ ನಾನು ತಿಳಿಹೇಳುವುದರೊಳಗೆ ಅವನು ಕೆಳಗಿದ್ದ. ನಮಗೂ ಬೀಳಗಿಗೆ ಬೇರೆ ಬಸ್ಸು ಹಿಡಿಯಬೇಕಿತ್ತು. ರಸ್ತೆ ಬದಿಯ ಚಹಾದಂಗಡಿಯ ಬೆಂಚಿನಲ್ಲಿ ಕೂತೆವು. ಬಾಡೂಟ ಇಲ್ಲ, ಮಿರ್ಚಿ ಭಜಿ ಉಂಟು.

ಬಸ್ಸಿನ ಸುಳಿವಿಲ್ಲ. ಗೆಳೆಯ ಮೊಬೈಲು ತೆಗೆದು ಬ್ರಿಟನ್ನಿನ ಸಣ್ಣ ಊರುಗಳ ಚೋದ್ಯಗಳನ್ನು ಓದಿ ಹೇಳತೊಡಗಿದ. ವೇಲ್ಸ್‌ನ ಒಂದು ಊರಿನ ಹೆಸರಿಗೆ 58 ಅಕ್ಷರವಂತೆ. ಹೇ-ಆನ್-ವೈ ಎಂಬಲ್ಲಿ ಹಳೆ ಪುಸ್ತಕ ಮಾರುವ ರಿಚರ್ಡ್ ಬೂತ್ ಎಂಬಾತ 1977ರ ಏಪ್ರಿಲ್ 1ರಂದು ಊರಿಗೆ ಸ್ವಾತಂತ್ರ್ಯ ಘೋಷಿಸಿ ತಾನೇ ರಾಜ ಅಂತ ಕಿರೀಟ ಇಟ್ಟುಕೊಂಡನಂತೆ. ಎಲ್ಲಕ್ಕಿಂತ ಹೆಚ್ಚು ನಗಿಸಿದ್ದು ಹಾರ್ಟ್ಲಿಪೂಲ್. ನೆಪೋಲಿಯನ್ ಕಾಲದಲ್ಲಿ ಅಲ್ಲಿನ ದಂಡೆಗೆ ಬಂದ ಒಂದು ಕೋತಿಯನ್ನು ಫ್ರೆಂಚ್ ಗೂಢಚಾರ ಎಂದು ಬಗೆದು ನೇಣಿಗೆ ಹಾಕಿದರು ಅಂತ ಕತೆ. ಅದರ ನೆನಪಿಗೆ ಅವರ ಫುಟ್ಬಾಲ್ ತಂಡಕ್ಕೆ ಒಂದು ಕೋತಿವೇಷ. 2002ರಲ್ಲಿ ಆ ವೇಷ ಹಾಕುತ್ತಿದ್ದ ಹುಡುಗ, ಶಾಲೆ ಮಕ್ಕಳಿಗೆ ಬಾಳೆಹಣ್ಣು ಪುಕ್ಕಟೆ ಅಂತ ಚುನಾವಣೆಗೆ ನಿಂತು ಮೇಯರ್ ಆಗಿಬಿಟ್ಟ!

"ನಿಮ್ಮ ಕಡೆ ಇಂಥದ್ದೇನಾದ್ರೂ ಅದಾ? ಬರೀ ಕಬ್ಬು, ಬಿಸಿಲು" ಅಂದ ಗೆಳೆಯ.

ಕಬ್ಬಿನ ಬಗ್ಗೆ ಮಂಡ್ಯದವನು ಮಾತಾಡಬಾರದು. ನನಗೆ ಉರಿದುಹೋಯಿತು. ಬಾರಯ್ಯಾ ಇಲ್ಲಿ, ಅಂದೆ.

ಪಕ್ಕದ ಜಮಖಂಡಿಗೆ ಕಿರೀಟ ಬಾಡಿಗೆ ತರಬೇಕಾಗಿರಲಿಲ್ಲ. ಪಟವರ್ಧನರೆಂಬ ನಿಜವಾದ ರಾಜರೇ ಇದ್ದರು, 1948ರ ತನಕ. ಹತ್ತಿರದ ಸಾವಳಗಿಯ ಬಿ.ಡಿ. ಜತ್ತಿ ಜಮಖಂಡಿ ಪುರಸಭೆಯಲ್ಲಿ ಶುರು ಮಾಡಿ, ಸಂಸ್ಥಾನದ ಮಂತ್ರಿಯಾಗಿ, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1977ರಲ್ಲಿ ಕೆಲವು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿಯೇ ಆದರು. ಪುರಸಭೆಯ ನಲ್ಲಿ-ಗಟಾರದಿಂದ ರಾಷ್ಟ್ರಪತಿ ಭವನ! ನಿಮ್ಮ ಕೋತಿವೇಷದ ಮೇಯರ್ ಎಲ್ಲಿ, ಇವರೆಲ್ಲಿ?

ಇನ್ನೂ ಕೇಳು. ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ಸರ್ಕಾರ ಅಡ್ಡಗಟ್ಟೆ ಕಟ್ಟಲಿಲ್ಲ ಅಂತ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜು ಎಬ್ಬಿಸಿದರು. ಹೆಸರು ಶ್ರಮಬಿಂದು ಸಾಗರ. ಮುಂದಾಳು ಸಿದ್ದು ನ್ಯಾಮಗೌಡ. ಜನ ಅವರನ್ನು 'ಬ್ಯಾರೇಜ್ ಸಿದ್ದು' ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಆ ಬ್ಯಾರೇಜ್ ಸಿದ್ದು ಬಾಗಲಕೋಟೆಯಲ್ಲಿ ಸೋಲಿಸಿದ್ದು ಯಾರನ್ನು ಗೊತ್ತೇ? ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು! ಇದನ್ನು ಯಾವನಾದರೂ ಚಿತ್ರಕಥೆ ಅಂತ ಬರೆದುಕೊಂಡು ಹೋದರೆ ನಿರ್ಮಾಪಕ "ನಂಬೋ ಹಾಗಿಲ್ಲ ಕಣ್ರೀ" ಅಂತ ವಾಪಸು ಕಳಿಸುತ್ತಾನೆ.

"ಸರಿ, ರಬಕವಿ ಯಾವ ಕಾಲದ ಕವಿ?" ಅಂದ ಗೆಳೆಯ, ಬೋರ್ಡು ನೋಡಿ.

ಅಯ್ಯಾ, ಅದು ಊರು! ರಬಕವಿ, ಬನಹಟ್ಟಿ, ಎರಡು ಊರು ಸೇರಿ ಒಂದೇ ನಗರಸಭೆ. ಅಲ್ಲಿರುವುದು ಮಗ್ಗದ ಸದ್ದು, ಸೀರೆ. ಕವಿ ಬೇಕಾದರೆ ಮುಧೋಳಕ್ಕೆ ಹೋಗು. ಸಾವಿರ ವರ್ಷದ ಹಿಂದೆ ಬಳೆಗಾರರ ಮನೆಯಲ್ಲಿ ಹುಟ್ಟಿ, ಚಕ್ರವರ್ತಿಯಿಂದ ಕವಿಚಕ್ರವರ್ತಿ ಎನಿಸಿಕೊಂಡ ರನ್ನ ಅಲ್ಲಿಯವನು. ಆದರೆ ನೋಡು, ಇವತ್ತು ಮುಧೋಳ ಅಂದರೆ ಹೊರಗಿನವರು ಕೇಳುವುದು ಕವಿಯನ್ನಲ್ಲ, ನಾಯಿಯನ್ನು. ಘೋರ್ಪಡೆ ರಾಜರು ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು, 'ಮುಧೋಳ ಹೌಂಡ್' ಅಂತ ಹೆಸರಾದದ್ದು ಅಲ್ಲಿಂದಲೇ ಅನ್ನುವುದು ಊರವರ ಮಾತು. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿಯೂ ಬಂತು. ಹದಿನೈದು ವರ್ಷ ಪತ್ರಿಕೆಗೆ ಬರೆದ ನನ್ನ ಮುಖಕ್ಕೆ ಇನ್ನೂ ಆ ಯೋಗ ಬಂದಿಲ್ಲ.

ಗೆಳೆಯ ನಗುತ್ತಿದ್ದ. ಒಂದು ಮಾತಿಗೆ ಮಾತ್ರ ಇಬ್ಬರ ನಗುವೂ ನಿಂತಿತು. ಹಾರ್ಟ್ಲಿಪೂಲ್‌ನ ಕೋತಿ ಕತೆಯೋ ನಿಜವೋ, ಯಾರು ಕಂಡರು? ಮುಧೋಳದ ಕಡೆಯ ಹಲಗಲಿ ಬೇಡರದ್ದು ಮಾತ್ರ ಕತೆಯಲ್ಲ. ಆಯುಧ ಒಪ್ಪಿಸಿ ಅಂತ ಬ್ರಿಟಿಷರು ಹುಕುಂ ಮಾಡಿದಾಗ ಕೊಡೋದಿಲ್ಲ ಅಂದರು. 1857ರ ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳ, ಹಲಗಲಿಗಳಲ್ಲಿ ನೇಣಿಗೇರಿಸಿದರು. ಅದರ ಲಾವಣಿಯನ್ನು ಹುಡುಕಿ ಅಚ್ಚು ಹಾಕಿಸಿದವನೂ ಒಬ್ಬ ಬ್ರಿಟಿಷ್ ಅಧಿಕಾರಿಯೇ, ಫ್ಲೀಟ್ ಅಂತ.

ಇಷ್ಟು ಹೊತ್ತೂ ಪಕ್ಕದ ಬೆಂಚಿನಲ್ಲಿ ಸುಮ್ಮನೆ ಕೂತಿದ್ದ ಒಬ್ಬ ಅಜ್ಜ, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಾ ಬಾಯಿಬಿಟ್ಟರು.

"ತಮ್ಮಾ, ರಾಜರನ್ನ ಹೇಳಿದಿ, ನಾಯೀನ ಹೇಳಿದಿ. ನಮ್ಮ ಬೀಳಗಿ ಅಮೀರಬಾಯೀನ ಯಾಕ ಬಿಟ್ಟಿ? ಸಿನಿಮಾ ಪೇಪರಿನಾಂವ ಅಂತೀ ಮತ್ತ?"

ಓದುಗ ಮಿತ್ರರೇ, ಸತ್ಯ ಹೇಳಿಬಿಡುತ್ತೇನೆ. ಬಿಜಾಪುರದಲ್ಲಿ ಅಮೀರ್ ಟಾಕೀಸ್ ಅಂತ ಒಂದು ಥಿಯೇಟರು. ಹುಡುಗನಾಗಿದ್ದಾಗ ಅದರ ಕ್ಯೂನಲ್ಲಿ ಅಂಗಿ ಹರಿದುಕೊಂಡಿದ್ದೇನೆ. 'ಖಯಾಮತ್ ಸೆ ಖಯಾಮತ್ ತಕ್' ಬಂದ 1988ರಲ್ಲಿ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದು ಏನು ಗೊತ್ತೇ? ಆಮೀರ್ ಖಾನ್ ಅಭಿಮಾನಿಗಳು ಕಟ್ಟಿಸಿದ ಟಾಕೀಸು ಅದು ಅಂತ! ಅಮೀರ್‌ಬಾಯಿ ಕರ್ನಾಟಕಿ ಎಂಬ ಹೆಣ್ಣುಮಗಳ ಹೆಸರು ಅದು ಎಂದು ತಿಳಿಯಲು ನನಗೆ ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು, ರಹಮತ್ ತರೀಕೆರೆಯವರು ಆಕೆಯ ಬಗ್ಗೆ ಬರೆದ ಪುಸ್ತಕ ಓದಿದ ಮೇಲೆ. ಓದಿಯೂ ಆ ಹೊತ್ತಿನಲ್ಲಿ ನಾಯಿ ನೆನಪಾಯಿತು, ಆಕೆ ನೆನಪಾಗಲಿಲ್ಲ.

ಹುಟ್ಟಿದ್ದು ಇದೇ ಬೀಳಗಿ. ಎಳೆ ವಯಸ್ಸಿಗೇ ಮುಂಬಯಿ. ಅಲ್ಲಿ ನಟಿ, ಗಾಯಕಿ. ಲತಾ ಬರುವ ಮುಂಚಿನ ಮಾತಿದು. 1943ರ 'ಕಿಸ್ಮತ್' ಚಿತ್ರ, ಅಶೋಕ್ ಕುಮಾರ್ ನಾಯಕ, ಅನಿಲ್ ಬಿಸ್ವಾಸ್ ಸಂಗೀತ. ಕಲಕತ್ತೆಯ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಆ ದಾಖಲೆ ಮುರಿಯಲು 'ಶೋಲೆ'ಯೇ ಬರಬೇಕಾಯಿತು. ಅದರ ಹಾಡುಗಳಲ್ಲಿ ಮೆರೆದ ಕಂಠ ಈ ಬೀಳಗಿಯದು. 1944ರ 'ರತನ್' ಚಿತ್ರದಲ್ಲೂ ಇದೇ ದನಿ, ನೌಷಾದ್ ಸಂಗೀತದಲ್ಲಿ. ಜನ 'ಕನ್ನಡ ಕೋಗಿಲೆ' ಎಂದರು. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಗೆ ಹೋಗಿ ಬಾಲಗಂಧರ್ವರ ಜೊತೆ ಹಾಡಿದರು, ಮುಂದೆ ಅವರನ್ನೇ ಮದುವೆಯಾದರು. ಹೆಣ್ಣುವೇಷಕ್ಕೆ ಹೆಸರಾದ ಗಂಡಿನ ಕಂಪನಿಯಲ್ಲಿ ಹೆಣ್ಣಿನ ಪಾತ್ರ ಕಟ್ಟಿದ ಹೆಣ್ಣು! ಅಮೀರ್‌ಬಾಯಿಗೆ ಮಾತ್ರ ಸಂಸಾರದ ಸುಖ ಕಡಿಮೆ. ತೆರೆಯ ಮೇಲಿನ ಖಳನಾಯಕ ಹಿಮಾಲಯವಾಲಾನನ್ನು ಕಟ್ಟಿಕೊಂಡು, ಮನೆಯಲ್ಲೂ ಖಳನಾಯಕನನ್ನೇ ಕಂಡರು. 1965ರಲ್ಲಿ ತೀರಿಕೊಂಡರು.

"ಆಕಿ ಹಾಡು ರೇಡಿಯೋದಾಗ ಬಂದ್ರ ನಮ್ಮವ್ವ ರೊಟ್ಟಿ ಬಡಿಯೋದು ನಿಲ್ಲಸ್ತಿದ್ಳು" ಅಂದರು ಅಜ್ಜ. "ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೋಗ್ತಿತ್ತು. ನಾವು ಸೀದದ್ದನ್ನ ತಿಂತಿದ್ವಿ."

ಗೆಳೆಯ ಮಾತಿಲ್ಲದೆ ಮೊಬೈಲಿನಲ್ಲಿ ಬ್ರಿಟನ್ನನ್ನು ಮುಚ್ಚಿ 'ಕಿಸ್ಮತ್' ಹುಡುಕಿದ. ಅಂಗಡಿಯ ಹುಡುಗ ತನ್ನ ಸ್ಪೀಕರಿನಲ್ಲಿ ಅಬ್ಬರಿಸುತ್ತಿದ್ದ ಹೊಸ ಹಾಡನ್ನು ಆರಿಸಿ ಹತ್ತಿರ ಬಂದ. ಕರಕರ ಸದ್ದಿನ ನಡುವೆ ಎಂಬತ್ತು ವರ್ಷದ ಹಿಂದಿನ ದನಿ ಎದ್ದು ಬಂತು. ಅಜ್ಜ ಬಸಿ ಕೆಳಗಿಟ್ಟು ಕಿವಿಯನ್ನು ಮೊಬೈಲಿಗೆ ಒತ್ತಿದರು.

"ಈ ಬಾಯಿ ನಮ್ಮ ಬೀಳಗಿಯಾಕಿನಾ?" ಅಂದ ಹುಡುಗ, ನಂಬದೆ.

"ಸುಮ್ನಿರೋ, ಕೇಳು" ಅಂದರು ಅಜ್ಜ.

ಅಷ್ಟರಲ್ಲಿ ಬೀಳಗಿ ಬಸ್ಸು ಬಂತು. ಕಂಡಕ್ಟರು ಎರಡು ಸಲ ಕೂಗಿದ. ನಾವು ಏಳಲಿಲ್ಲ. ಹಾಡು ಇನ್ನೂ ಅರ್ಧ ಇತ್ತು.